35 ಸ್ಕ್ವೇರ್ ವೆಲ್ಡಿಂಗ್ ಕೇಬಲ್: ಮೂರೂವರಿ ವರ್ಷ ಎಳದಾಡಿದ ಮ್ಯಾಲೆ

ಹೊಸಾ ಮಾಲು ಬಿಚ್ಚಿ ಎರಡ ದಿನಕ್ಕ ಬರದ ರಿವ್ಯೂ ಅಲ್ರಿ ಇದು, ಮೂರೂವರಿ ವರ್ಷ ದಿನಾ ಕೈಯಾಗ ಹಿಡದ 35 ಸ್ಕ್ವೇರ್ ಕೇಬಲ್ ಬಗ್ಗೆ (ಸ್ಕ್ವೇರ್ ಅಂದ್ರ ಒಳಗಿನ ತಂತಿಯ ಅಡ್ಡಕೊಯ್ತ, ಚದರ ಮಿಲಿಮೀಟರ್‌ದಾಗ). ನಂದು ಹುಬ್ಬಳ್ಳಿ ಗೋಕುಲ ರೋಡ್ ಕಡೆ ಸಣ್ಣ ಫ್ಯಾಬ್ರಿಕೇಶನ್ ಶಾಪ್, ನಾನು ಮತ್ತ ಇಬ್ಬರು ಹುಡುಗ್ರು. ಗೇಟು, ಗ್ರಿಲ್, ಟ್ರ್ಯಾಕ್ಟರ್ ಟ್ರೇಲರ್ ರಿಪೇರಿ, ಆರ್ಡರ್ ಬಂದ್ರ ಅಣ್ಣಿಗೇರಿ ನವಲಗುಂದ ಕಡೆ ಗೋಡೌನ್ ಟ್ರಸ್ (ಚಾವಣಿ ಹೊರೂ ಕಬ್ಬಿಣದ ಚೌಕಟ್ಟು). ವೆಲ್ಡಿಂಗ್ ಮಷಿನ್ 200 ಆಂಪಿಯರ್ ಇನ್ವರ್ಟರ್, ರಾಡ್ ಹೆಚ್ಚಾಗಿ 3.15 ಎಂಎಂದು, ಅಂದ್ರ ನಮ್ಮ ಹತ್ತು ಗೇಜು, 120 ಆಂಪಿಯರ್ ದಾಟೂದು ಅಪರೂಪ.

ಮಷಿನ್ ಜೋಡಿ ಬಂದ ಕೇಬಲ್ ಎರಡು ಮೀಟರ್ ಇತ್ತು, ಛಳಿಗಾಲದಾಗ ಬೆತ್ತ ಆದಂಗ ಆಗ್ತಿತ್ತು, ಅದರ ಬಗ್ಗೆ ಹೇಳೂದು ಏನೂ ಇಲ್ಲ. ಆಮ್ಯಾಲೆ ಒಂದು ಅಂಗಡ್ಯಾಗ "ಅಣ್ಣಾರ 50 ಸ್ಕ್ವೇರ್ ಒಯ್ರಿ, ದಪ್ಪ ಇದ್ದಷ್ಟು ಚಲೋ" ಅಂದ್ರು, ರೇಟೂ ಭಾಳ ಕಡಿಮಿ ಹೇಳಿದ್ರು, ನಾನೂ ಖುಷಿಲೇ 15 ಮೀಟರ್ ತಂದೆ. ಹತ್ತ ದಿನಕ್ಕ ಲಗ್ (ಕೇಬಲ್ ತುದಿಗೆ ಹಾಕೂ ಲೋಹದ ಬಿಲ್ಲಿ) ಕಡೆ ಕೈ ಇಟ್ರ ಸುಡಾಕ ಹತ್ತಿತು, ರಬ್ಬರ್ ಸುಟ್ಟ ವಾಸನಿ. ಕತ್ತರಿಸಿ ಎಳಿ ಕೆರದ ನೋಡಿದ್ರ ಒಳಗ ಬೆಳ್ಳಗ, ಮ್ಯಾಲಷ್ಟ ತಾಮ್ರದ ಬಣ್ಣ. ಅಲ್ಯೂಮಿನಿಯಂ ಮ್ಯಾಲೆ ತಾಮ್ರ ಬಳದದ್ದು! ಅಲ್ಯೂಮಿನಿಯಂ ಅಂದ್ರ ಕೆಟ್ಟದ್ದು ಅಂತಲ್ಲ, ಆದ್ರ ಅದ ಕರೆಂಟ್ ಒಯ್ಯಾಕ ತಾಮ್ರಕ್ಕಿಂತ ಒಂದೂವರಿ ಪಟ್ಟು ದಪ್ಪ ಬೇಕು, ಮತ್ತ ತಾಮ್ರ ಅಂತ ಹೇಳಿ ಕೊಟ್ರ ಅದು ಮೋಸಾನ.

ಅಂವಾಗಿಂದ ನಾನು ಅಂಗಡ್ಯಾಗ ನಾಚಿಕಿ ಬಿಟ್ಟು ತಕ್ಕಡಿ ಕೇಳ್ತೀನಿ. 35 ಸ್ಕ್ವೇರ್ ತಾಮ್ರ ಮೀಟರಿಗೆ ತಾಮ್ರಾನ 310 ಗ್ರಾಂ ಹತ್ರ ಆಗ್ತದ, ಹತ್ತು ಮೀಟರ್ ಸುರಳಿ ಅಂದ್ರ ರಬ್ಬರ್ ಬಿಟ್ಟು ಮೂರು ಕೆಜಿ ಮ್ಯಾಲೆ ಇರಬೇಕು. ಎರಡು ಕೆಜಿ ತೂಗಿತು ಅಂದ್ರ ಸುಮ್ನ ವಾಪಸ್ ಇಟ್ಟು ಬರ್ರಿ. ಒಂದು ಎಳಿ ಲೈಟರ್ ಮ್ಯಾಲೆ ಹಿಡದ್ರ ಇನ್ನೂ ಗೊತ್ತಾಗ್ತದ, ತಾಮ್ರ ಕೆಂಪಗಾಗ್ತದ, ಅಲ್ಯೂಮಿನಿಯಂ ಎಳಿ ಜೋತು ಬೀಳ್ತದ.

ಎರಡನೇ ಸಲ ಖರೇ ತಾಮ್ರದ 50 ತಂದೆ. ಕೇಬಲ್ ಅಂತೂ ಬಂಗಾರ, ದಿನಾ ಪೂರ್ತಿ ಹೊಡದ್ರೂ ತಂಪ. ಆದ್ರ ಅಣ್ಣಿಗೇರಿ ಟ್ರಸ್ ಕೆಲಸದಾಗ ನಿಚ್ಚಣಿಕಿ ಮ್ಯಾಲೆ ನಿಂತಾಗ ಗೊತ್ತಾತು ಅದರ ಹಕೀಕತ್. ಮೀಟರಿಗೆ ರಬ್ಬರ್ ಕೂಡಿ ಅರ್ಧ ಕೆಜಿ ಮ್ಯಾಲೆ, ಮೂರು ಮೀಟರ್ ಕೆಳಗ ಜೋತು ಬಿದ್ರ ಒಂದೂವರಿ ಕೆಜಿ ದಾಟಿತು, ಅಷ್ಟೂ ಹೋಲ್ಡರ್ (ರಾಡ್ ಕಚ್ಚಿ ಹಿಡಿಯೂ ಹಿಡಿಕಿ) ಹಿಡದ ಮಣಿಕಟ್ಟಿನ ಮ್ಯಾಲೆ, ಅದರಾಗ ಓವರ್‌ಹೆಡ್, ಅಂದ್ರ ತಲಿ ಮ್ಯಾಲೆ ಕೈ ಎತ್ತಿ ಹೊಡೀಬೇಕು, ರಾಡ್ ತುದಿ ನಡಗ್ತದ, ಬೀಡ್ (ವೆಲ್ಡಿನ ಗೆರಿ) ನೋಡಿದ್ರ ಕೋಳಿ ಕೆದರಿದಂಗ. ಕೆಳಗ ನಿಂತಿದ್ದ ವಯಸ್ಸಾದ ಕಾಕಾ ಒಬ್ರು, "ಏನಲೇ ತಮ್ಮಾ, ಕೇಬಲ್ಲೋ ಎಮ್ಮಿ ಕಟ್ಟೂ ಹಗ್ಗಾನೋ" ಅಂತ ನಕ್ರು. ರಾತ್ರಿ ರೊಟ್ಟಿ ಮುರಿಯಾಕೂ ಬೆರಳು ಬಗ್ಗಲಿಲ್ಲ.

ಆಮ್ಯಾಲೆ ಬಂತು ಈ 35. ಲೆಕ್ಕ ಹಾಕೇ ತಂದೆ. ಹೋಲ್ಡರ್ 15 ಮೀಟರ್, ಅರ್ಥಿಂಗ್ (ಕೆಲಸದ ಕಬ್ಬಿಣಕ್ಕ ಹಚ್ಚೂ ಇನ್ನೊಂದು ಕೇಬಲ್) 15 ಮೀಟರ್, ಒಟ್ಟು 30, 120 ಆಂಪಿಯರಿಗೆ 25 ಸ್ಕ್ವೇರ್‌ದಾಗ ಹತ್ರ ಹತ್ರ ಎರಡೂವರಿ ವೋಲ್ಟ್ ಬೀಳ್ತದ, 35ರಾಗ ಎರಡಕ್ಕೂ ಕಡಿಮಿ, 50ರಾಗ ಒಂದೂಕಾಲು. ಎರಡೂವರಿ ವೋಲ್ಟ್ ಅಂದ್ರ ಸಣ್ಣದಲ್ಲ, 300 ವ್ಯಾಟ್ ಸುಮ್ನ ಕೇಬಲ್ ಕಾಸಾಕ ಹೋತು. ಇನ್ವರ್ಟರ್ ಅದನ್ನ ತಾನಾ ಸರಿದೂಗಿಸ್ತದ, ಹಿಂಗಾಗಿ ಶಾಪಿನಾಗ ಫರಕ್ ಗೊತ್ತಾಗೂದಿಲ್ಲ, ಹಳ್ಯಾಗ ಲೈನ್ ವೋಲ್ಟೇಜ್ ಬಿದ್ದಾಗ ಮಷಿನ್ ಒದ್ದಾಡ್ತದ, ಆವಾಗ ಪಕ್ಕಾ ಗೊತ್ತಾಗ್ತದ. ಹಳೇ ಟ್ರಾನ್ಸ್‌ಫಾರ್ಮರ್ ಮಷಿನ್ ಇದ್ದವರಿಗೆ ಕೈಯಾಗ ಕರೆಂಟ ಇಳದಂಗ ಅನಸ್ತದ.

ಮೂರೂವರಿ ವರ್ಷದಾಗ ಏನೇನಾತು ಹೇಳ್ತೀನಿ. ಒಳಗ ಸಾವಿರದ ಮ್ಯಾಲೆ ಕೂದಲದಂಥಾ ಎಳಿ ಇರ್ತಾವ, ಅದಕ್ಕ ಮೆತ್ತಗ ಬಾಗ್ತದ, ಆದ್ರ ಹೋಲ್ಡರ್ ಕುತ್ತಗಿ ಕಡೆ ದಿನಾ ಬಾಗಿ ಬಾಗಿ ಎಳಿ ಮುರೀತಾವ. ಎರಡು ಸಲ ಅರ್ಧ ಅರ್ಧ ಅಡಿ ಕತ್ತರಿಸಿ ಹೊಸಾ ಲಗ್ ಹಾಕೀನಿ. ಮುರದದ್ದು ಹೊರಗ ಕಾಣೂದಿಲ್ಲ, ಕೈ ಬಿಸಿ ಆಗೂದ ಗುರ್ತು. ಆಂಗಲ್ ಅಂಚಿಗೆ ಸಿಕ್ಕು ರಬ್ಬರ್ ಎರಡು ಕಡೆ ಸೀಳ್ಯದ, ಟೇಪ್ ಸುತ್ತೇನಿ. ಮಳಿಗಾಲದಾಗ ನವಲಗುಂದ ಎರಿ ಮಣ್ಣು ಮಾತ್ರ ಶತ್ರು ನೋಡ್ರಿ, ಕೇಬಲ್ ಎಳದಷ್ಟೂ ಮಣ್ಣು ಹತ್ತಿ 35 ಇದ್ದದ್ದು 70ರಂಗ ತೂಗ್ತದ, ತೊಳೀಲಿಲ್ಲಂದ್ರ ಒಣಗಿ ಸಿಮೆಂಟ್. ಲಗ್ ಟೈಟ್ ಇಲ್ಲದ ಕಡೆ ಹಸರಗ ಆಗ್ತದ, ತಿಂಗಳಿಗೊಮ್ಮೆ ಸ್ಯಾಂಡ್ ಪೇಪರ್ ಹಚ್ಚಿ ಬಿಗಿ ಮಾಡ್ತೀನಿ.

ಒಂದು ತಕರಾರು ಐತಿ. ಸಣ್ಣ ಇನ್ವರ್ಟರಿಗೆ ಬರೂ ಪ್ಲಗ್ 10ರಿಂದ 25 ಸ್ಕ್ವೇರ್‌ದು, 35 ಅದರಾಗ ಕೂಡೂದಿಲ್ಲ. ಎಳಿ ಕತ್ತರಿಸಿ ತುರಕಬ್ಯಾಡ್ರಿ, ನಮ್ಮ ಹುಡುಗ ಅದನ್ನ ಮಾಡಿ ಸಾಕೆಟ್ ಕರಗಿಸಿಬಿಟ್ಟ. ಮಷಿನಿನ ಸಾಕೆಟ್ ನೋಡೇ ಕೇಬಲ್ ತಗೋರಿ, ಇಲ್ಲಾ 35-50 ಪ್ಲಗ್ ಕೂಡೂ ಮಷಿನ್ ತಗೋರಿ.

ಹೋದ ವರ್ಷದಿಂದ ಇನ್ನೊಂದು ಮಾಡೀನಿ, ನನಗಂತೂ ಇದ ಭಾಳ ಹಿತ ಅನಸ್ತದ: ಹೋಲ್ಡರ್ ಕಡೆ ಕಡೀ ಎರಡು ಮೀಟರ್ 25 ಸ್ಕ್ವೇರ್, ಹಿಂದಿಂದು 35, ನಡುವ ಕನೆಕ್ಟರ್. ಕೈಗೆ ಹಗುರ, ಎರಡು ಮೀಟರಿಗೆ ವೋಲ್ಟ್ ಏನೂ ಬೀಳೂದಿಲ್ಲ, ಕುತ್ತಗಿ ಮುರದ್ರ ಆ ತುಂಡಷ್ಟ ಬದಲಿ. ಕನೆಕ್ಟರ್ ಒಂದು ಸಲ ಸಡಲಾಗಿ ಕಿಡಿ ಬಂತು, ಬಿಗಿ ಮಾಡಿದ ಮ್ಯಾಲೆ ಆರಾಮ.

ಗ್ರಿಲ್ಲಷ್ಟ ಮಾಡವರು, ಹತ್ತು ಮೀಟರ್ ಒಳಗ ಮುಗಸವರು 25 ತಗೋರಿ, 35 ಬೇಕಾಗಿಲ್ಲ. 4 ಎಂಎಂ ರಾಡ್ ಇಡೀ ದಿನ ಹೊಡ್ಯಾವರು 50 ತಗೋರಿ, ಕೈಗೆ ಎರಡು ಮೀಟರ್ ಸಣ್ಣದು ಹಾಕೋರಿ. ನಾನು ಆ ತಾಮ್ರದ 50 ಮಾರಿಲ್ಲ, ಅರ್ಥಿಂಗ್ ಕಡೆ ಹಾಕೀನಿ, ಅದನ್ನ ಯಾರೂ ಕೈಯಾಗ ಹಿಡಿಯೂದಿಲ್ಲಲ್ಲ.