ಒಂದೇ ಅಭಿರುಚಿಯ ಕೇಳುಗರ ಗುಂಪು ಕಟ್ಟಲು: ಗಾಸಿಪ್ಪೋ, ಸೂಪರ್ ಪೀರೋ?

ಕೇಂದ್ರ ಸರ್ವರ್ ಇಲ್ಲದೆ ಕಂಪ್ಯೂಟರ್‌ಗಳೇ ನೇರವಾಗಿ ಹಂಚಿಕೊಳ್ಳುವ ಪೀರ್-ಟು-ಪೀರ್ ಜಾಲದಲ್ಲಿ ಒಂದೇ ಅಭಿರುಚಿಯವರನ್ನು ಸೇರಿಸಲು ಇವೆರಡು ದಾರಿ. ಗಾಸಿಪ್ ವಿಧಾನದಲ್ಲಿ ಪ್ರತಿ ಕಂಪ್ಯೂಟರೂ ಆಗಾಗ ಬೇರೊಂದರ ಜೊತೆ ಹಾಡಿನ ಪಟ್ಟಿ ಅದಲುಬದಲು ಮಾಡಿಕೊಂಡು, ಹೆಚ್ಚು ಹೋಲುವವರನ್ನು ನೆರೆಯವರಾಗಿ ಉಳಿಸಿಕೊಳ್ಳುತ್ತದೆ. ಟ್ರಿಬ್ಲರ್ ಎಂಬ ಕಡತ ಹಂಚಿಕೆ ತಂತ್ರಾಂಶ ಹಿಂದೆ ಬಳಸಿದ ಬಡ್ಡಿಕಾಸ್ಟ್ ಈ ಜಾತಿಯದು. ಸೂಪರ್ ಪೀರ್ ವಿಧಾನದಲ್ಲಿ ಗಟ್ಟಿಮುಟ್ಟಾದ ಕೆಲವೇ ಯಂತ್ರಗಳು ಎಲ್ಲರ ಪಟ್ಟಿ ಹಿಡಿದುಕೊಂಡು ಗುಂಪು ಮಾಡುತ್ತವೆ.

ಹೊಸಬರಿಗೆ ಸೂಪರ್ ಪೀರ್ ಸಲೀಸು: ಸೇರಿದ ಕೂಡಲೇ ಗುಂಪು ಸಿಗುತ್ತದೆ. ಗಾಸಿಪ್‌ನಲ್ಲಿ ಹಲವು ಸುತ್ತು ಕಾಯಬೇಕು. ಆದರೆ ಜನ ಬಂದು ಹೋಗುತ್ತಲೇ ಇರುವ ಜಾಲದಲ್ಲಿ ಗಾಸಿಪ್ ತಾನೇ ಸರಿಹೋಗುತ್ತದೆ. ಸೂಪರ್ ಪೀರ್ ಬಿದ್ದರೆ ಅದರಡಿಯ ಗುಂಪೇ ಚದುರುತ್ತದೆ.

ಖಾಸಗಿತನದಲ್ಲಿ ಎರಡೂ ಅಷ್ಟಕ್ಕಷ್ಟೇ. ಒಂದರಲ್ಲಿ ನಿಮ್ಮ ಪಟ್ಟಿ ಅನೇಕ ಅಪರಿಚಿತರ ಕೈಗೆ, ಇನ್ನೊಂದರಲ್ಲಿ ಒಬ್ಬರದೇ ಕೈಗೆ.

ನನ್ನ ಮಟ್ಟಿಗೆ ಹೋಲಿಕೆ ಅಳೆಯುವ ಬಗೆ ಇದಕ್ಕಿಂತ ಮುಖ್ಯ. ಎಲ್ಲರ ಬಳಿಯೂ ಇರುವ ಜನಪ್ರಿಯ ಹಾಡನ್ನು ಲೆಕ್ಕಕ್ಕೆ ಹಿಡಿದರೆ ಎಲ್ಲರೂ ಒಂದೇ ಥರ ಕಾಣುತ್ತಾರೆ. ಅಪರೂಪದ ಹಾಡಿಗೆ ಹೆಚ್ಚು ತೂಕ ಕೊಡಿ. ಗಾಸಿಪ್ ಆರಿಸಿಕೊಂಡರೆ ಯಾದೃಚ್ಛಿಕ ನೆರೆಯವರನ್ನೂ ಕೆಲವರನ್ನು ಇಟ್ಟುಕೊಳ್ಳಿ, ಇಲ್ಲವಾದರೆ ಗುಂಪು ಜಾಲದಿಂದಲೇ ಕತ್ತರಿಸಿಹೋಗಬಹುದು.

ಸದಾ ಚಾಲೂ ಇರುವ, ನಂಬಬಹುದಾದ ನಾಲ್ಕಾರು ಯಂತ್ರಗಳಿದ್ದರೆ ಸೂಪರ್ ಪೀರ್. ಬಹುತೇಕ ಫೋನ್, ಲ್ಯಾಪ್‌ಟಾಪ್‌ಗಳೇ ಆದರೆ ಗಾಸಿಪ್.