ನೇಪಾಳದಲ್ಲಿ ಮನೆ ಕಟ್ಟುವ ಸೇವೆ: ವಾರದ ತಂಡವಾ, ತಿಂಗಳ ಕ್ಯಾಂಪಾ?

2015ರ ಏಪ್ರಿಲ್ 25ರ ಭೂಕಂಪದಲ್ಲಿ ನೇಪಾಳದ ಗುಡ್ಡದ ಊರುಗಳಲ್ಲಿ ಕಲ್ಲು-ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ಆಮೇಲೆ ಮನೆ ಕಟ್ಟೋಕೆ ಅಂತ ಹೋದವರಲ್ಲಿ ನಾನೂ ಒಬ್ಬ. ಮೊದಲು ಶುಲ್ಕ ಕಟ್ಟಿ ಒಂದು ವಾರದ ತಂಡದಲ್ಲಿ ಹೋದೆ. ಆಮೇಲೆ ಶುಲ್ಕವಿಲ್ಲದ ಕ್ಯಾಂಪಿನಲ್ಲಿ ತಿಂಗಳುಗಟ್ಟಲೆ ಇದ್ದೆ.

ಖರ್ಚು ನೋಡಿದರೆ ವಾರದ ತಂಡವೇ ದುಬಾರಿ. ‘ದುಡ್ಡು ಕೊಟ್ಟು ಕೂಲಿ ಮಾಡ್ತೀಯಾ?’ ಅಂತ ಮನೆಯಲ್ಲಿ ನಕ್ಕಿದ್ದರು. ಆದರೆ ಆ ಶುಲ್ಕದಲ್ಲಿ ಊಟ, ವಸತಿ ಬಿಟ್ಟು ಸಿಮೆಂಟು, ಕಬ್ಬಿಣದ ಪಾಲೂ ಇತ್ತು. ಹಾಗಾಗಿ ಅದು ದಂಡವೇನಲ್ಲ. ಕ್ಯಾಂಪಿನಲ್ಲಿ ಊಟ, ಟೆಂಟು ಬಿಟ್ಟಿ. ದಿನಾ ದಾಲ್ ಭಾತ್, ತಣ್ಣೀರಿನ ಸ್ನಾನ.

ನಿಜವಾದ ವ್ಯತ್ಯಾಸ ಕೆಲಸದಲ್ಲಿ. ಮೊದಲ ವಾರ ಯಾರೇ ಆಗಲಿ ಬಾಂಡ್ಲಿ ಹೊರುವುದು, ಮರಳು ಜರಡಿ ಹಿಡಿಯುವುದು, ಕಲ್ಲು ಸಾಗಿಸುವುದು, ಅಷ್ಟೇ. ಕರಣೆ ಕೈಗೆ ಬರುವಷ್ಟರಲ್ಲಿ ವಾರದ ತಂಡ ಕಾಠ್ಮಂಡುವಿಗೆ ಬಸ್ಸು ಹತ್ತಿರುತ್ತದೆ. ಅದರಲ್ಲೂ ನಮ್ಮ ತಂಡಕ್ಕೆ ಹಾರ, ಫೋಟೊ, ಭಾಷಣ ಅಂತ ಜಾಸ್ತಿ ಹೊತ್ತು ಹೋಯಿತು. ಮನೆಯವರು ಪಾಪ, ನಮಗೆ ಚಹಾ ಮಾಡಿಕೊಟ್ಟೇ ಸುಸ್ತಾದರು.

ಕ್ಯಾಂಪಿನಲ್ಲಿ ಎರಡನೇ ವಾರದಿಂದ ಡಕರ್ಮಿಗಳು, ಅಂದರೆ ಅಲ್ಲಿನ ಗಾರೆ ಮೇಸ್ತ್ರಿಗಳು, ಕಂಬಿ ಕೆಲಸಕ್ಕೆ ಕರೆದರು. ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗಿನ ತುದಿಯನ್ನು 90 ಡಿಗ್ರಿಗೆ ಬಗ್ಗಿಸಿ ಬಿಟ್ಟರೆ ಜೋರಾಗಿ ಅಲುಗಿದಾಗ ಅದು ಬಿಚ್ಚಿಕೊಳ್ಳುತ್ತದೆ. 135 ಡಿಗ್ರಿಗೆ, ಕಂಬಿಯನ್ನು ಸುತ್ತಿ ಒಳಮುಖವಾಗಿ ಮಡಚಬೇಕು. ಪ್ರತಿ ರಿಂಗನ್ನೂ ಒಬ್ಬ ದಾಯಿ, ಅಂದರೆ ಅಣ್ಣ, ಬೆರಳಲ್ಲಿ ಮುಟ್ಟಿ ನೋಡುತ್ತಿದ್ದರು. ಸರಿಯಿಲ್ಲದ್ದು ಮಾತಿಲ್ಲದೆ ಪಕ್ಕಕ್ಕೆ ಬೀಳುತ್ತಿತ್ತು.

ಅಷ್ಟು ಕಟ್ಟುನಿಟ್ಟಿಗೆ ಕಾರಣ ಇತ್ತು. ಸರ್ಕಾರ ಮನೆಗೆ ಕೊಡುತ್ತಿದ್ದ 3 ಲಕ್ಷ ನೇಪಾಳಿ ರೂಪಾಯಿ ಮೂರು ಕಂತಿನಲ್ಲಿ ಬರುತ್ತಿತ್ತು: 50 ಸಾವಿರ, ಒಂದೂವರೆ ಲಕ್ಷ, ಒಂದು ಲಕ್ಷ. ಪಾಯದ ಕೆಲಸ ಮುಗಿದು ಎಂಜಿನಿಯರ್ ಬಂದು ಒಪ್ಪಿದರೆ ಮಾತ್ರ ಎರಡನೇ ಕಂತು. ಸೇವೆಗೆ ಬಂದವರು ಅಡ್ಡಾದಿಡ್ಡಿ ಕಟ್ಟಿಟ್ಟು ಹೋದರೆ ಕಂತು ನಿಲ್ಲೋದು ಆ ಮನೆಯವರಿಗೆ, ನಮಗಲ್ಲ.

‘ತಂಡಕ್ಕೆ ಕಟ್ಟೋ ದುಡ್ಡನ್ನು ಸುಮ್ನೆ ಅಲ್ಲಿನ ಮೇಸ್ತ್ರಿಗೇ ಕೊಡಬಹುದಲ್ವಾ?’ ಅಂತ ಕೇಳುವವರಿದ್ದಾರೆ. ಮೇಸ್ತ್ರಿ ಸಿಗುವ ಕಡೆ ಖಂಡಿತ ಅದೇ ಒಳ್ಳೆಯದು. ಆದರೆ ನಾನಿದ್ದ ಊರಲ್ಲಿ ವಯಸ್ಸಿನ ಹುಡುಗರು ಅರ್ಧಕ್ಕರ್ಧ ಗಲ್ಫ್, ಮಲೇಷ್ಯಾ ಸೇರಿದ್ದರು. ನಮ್ಮ ಕಡೆಯ ಮುಯ್ಯಾಳಿನ ಹಾಗೆ ಅಲ್ಲಿ ‘ಪರ್ಮಾ’ ಇದೆ, ಆದರೆ ಮುಯ್ಯಿಗೆ ಬರೋಕೆ ಆಳೇ ಇರಲಿಲ್ಲ. ಅಂಥ ಕಡೆ ಕಲ್ಲು ಹೊರುವ ಒಂದು ಜೊತೆ ಕೈಗೂ ಬೆಲೆಯಿತ್ತು.

ಹಾಗಾಗಿ ನನ್ನ ಆಯ್ಕೆ ಕ್ಯಾಂಪು. ರಜೆ ಒಂದೇ ವಾರ ಅಂದರೆ ತಂಡದ ಜೊತೆ ಹೋಗಿ, ತಪ್ಪೇನಿಲ್ಲ. ಶುಲ್ಕ ಕಟ್ಟುವ ಮುಂಚೆ ಎರಡು ವಿಷಯ ಕೇಳಿ: ಕೆಲಸ ಮಾಡಿಸುವವರು ಅದೇ ಊರಿನ ಮೇಸ್ತ್ರಿಗಳಾ, ನಾವು ಹೊರಟ ಮೇಲೆ ಗೋಡೆ ಮುಗಿಸುವವರು ಯಾರು? ತಡವರಿಸಿದರೆ ಬೇರೆ ಸಂಸ್ಥೆ ನೋಡಿ. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ, ಗುಡ್ಡದ ರಸ್ತೆ ಕುಸಿಯುತ್ತವೆ, ಆಗ ಬೇಡ. ನಮಗೆ ವೀಸಾ ಬೇಕಿಲ್ಲ. ವಿಮಾನಕ್ಕೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇಟ್ಟುಕೊಳ್ಳಿ, ಆಧಾರ್ ನೆಚ್ಚಿಕೊಂಡು ಹೋಗಬೇಡಿ.