ಗಟ್ಟಿಯದಾ, ಮೆತ್ತನೆಯದಾ, ಬಟನ್ನಾ? ಸಾಗರದ ದಾರಿಯಲ್ಲಿ ಮೂರು ಟೈರು

ಟೈರಿನ ಅಂಗಡಿಗೆ ಹೋದರೆ ಮೊದಲು ಕೇಳುವುದೇ "ಯಾವ ಕಂಪನಿದು ಕೊಡ್ಲಿ?" ಅಂತ. ನಾನೂ ಕಂಪನಿ ಹೆಸರು ಹೇಳಿಯೇ ತರುತ್ತಿದ್ದೆ. ಮೂರೂವರೆ ವರ್ಷ ಮೂರು ನಮೂನೆಯ ಟೈರು ಹಾಕಿ ಓಡಿಸಿದ ಮೇಲೆ ಆ ಅಭ್ಯಾಸ ಬಿಟ್ಟೆ. ಎಂಆರ್‌ಎಫ್ ಒಂದರಲ್ಲೇ ನೈಲೋಗ್ರಿಪ್ ಇದೆ, ಝ್ಯಾಪರ್ ಇದೆ, ರೆವ್ಝ್ ಇದೆ. ಉಳಿದ ದೊಡ್ಡ ಕಂಪನಿಗಳ ಕಥೆಯೂ ಅದೇ. ಬೇಗ ಸವೆಯದ ಗಟ್ಟಿ ಟೈರನ್ನೂ ಮಾರುತ್ತಾರೆ, ಚೆನ್ನಾಗಿ ಹಿಡಿಯುವ ಮೆತ್ತನೆ ಟೈರನ್ನೂ ಮಾರುತ್ತಾರೆ. ಕಂಪನಿ ಹೆಸರು ಮಾತ್ರ ಹೇಳಿದರೆ ಅರ್ಧ ಮಾತು ಹೇಳಿದ ಹಾಗೆ ಆಯಿತು. ಅದಕ್ಕೇ ಇಲ್ಲಿ ನಮೂನೆಯ ಬಗ್ಗೆ ಬರೆಯುತ್ತಿದ್ದೇನೆ.

ಗಾಡಿ ಹೋಂಡಾ ಯುನಿಕಾರ್ನ್, 2020ರದು. ಟೈರಿನ ಅಳತೆ ಮುಂದೆ 80/100-18, ಹಿಂದೆ 100/90-18, ಎರಡೂ ಟ್ಯೂಬ್‌ಲೆಸ್. ಮನೆಯಿಂದ ಸಾಗರಕ್ಕೆ 23 ಕಿಲೋಮೀಟರ್, ಹೋಗಿ ಬಂದರೆ 46. ಮೊದಲ ಅರ್ಧ ಕಿಲೋಮೀಟರ್ ಕೆಂಪು ಮಣ್ಣಿನ ದಾರಿ. ಆಮೇಲೆ ತೋಟದ ಪಕ್ಕದ ಸಣ್ಣ ಟಾರು ರಸ್ತೆ. ಅಲ್ಲಿ ಮಳೆಗಾಲ ಪೂರ್ತಿ ಬಿಸಿಲೇ ಬೀಳುವುದಿಲ್ಲ, ರಸ್ತೆಯ ಎರಡೂ ಅಂಚಿಗೆ ಹಸಿರು ಪಾಚಿ ಕಟ್ಟಿರುತ್ತದೆ. ಅದು ಮುಗಿದ ಮೇಲೆ ಹೊನ್ನಾವರ–ಶಿವಮೊಗ್ಗ ಹೆದ್ದಾರಿ, ನುಣುಪಾಗಿ ಸಾಗರದವರೆಗೆ. ಮಣ್ಣು, ಪಾಚಿ, ಹೆದ್ದಾರಿ ಮೂರೂ ದಿನಾ ಸಿಗುತ್ತವೆ. ಟೈರು ಪರೀಕ್ಷೆ ಮಾಡಲು ಇದಕ್ಕಿಂತ ಒಳ್ಳೆ ದಾರಿ ಬೇಕಾ?

ಗಾಡಿ ಜೊತೆಗೆ ಬಂದ ಹಿಂದಿನ ಟೈರು 22,000 ಕಿಲೋಮೀಟರಿಗೆ ಸವೆಯಿತು. ಆಗ ಅಂಗಡಿಯವರು "ಇದು ಹಾಕ್ಸಿ, ವರ್ಷಗಟ್ಟಲೆ ನೋಡೋದೇ ಬೇಡ" ಅಂತ ಒಂದು ಗಟ್ಟಿ ಟೈರು ಕೊಟ್ಟರು. 2,050 ರೂಪಾಯಿ. ಮುಂದಿನದೂ ಅದೇ ನಮೂನೆಯದು, ಉದ್ದುದ್ದ ಗೀಟಿನ ರಿಬ್ ಟೈರು. ಅವರು ಹೇಳಿದ್ದು ಸುಳ್ಳಾಗಲಿಲ್ಲ. ಹಿಂದಿನದು ಬರೋಬ್ಬರಿ 26,000 ಓಡಿತು. ಒಣ ರಸ್ತೆಯಲ್ಲಿ ಏನೂ ತಕರಾರಿಲ್ಲ. ಹ್ಯಾಂಡಲ್ ಹಗುರ, ಸದ್ದಿಲ್ಲ, ಗಾಡಿ ನೇರ ಹೋಗುತ್ತದೆ. ಬೇಸಿಗೆಯಲ್ಲಿ ಯಾರಾದರೂ ಕೇಳಿದ್ದರೆ ಕಣ್ಣು ಮುಚ್ಚಿ ಅದನ್ನೇ ಹಾಕಿಸಿ ಅನ್ನುತ್ತಿದ್ದೆ.

2023ರ ಪುನರ್ವಸು ಮಳೆಯಲ್ಲಿ ಬಿದ್ದೆ. ತೋಟದ ತಿರುವು, ವೇಗ ಇಪ್ಪತ್ತೈದೂ ಇರಲಿಲ್ಲ. ಎದುರಿಗೆ ಒಂದು ದನ ಬಂತು, ಮುಂದಿನ ಬ್ರೇಕ್ ಒತ್ತಿದೆ, ಮುಂದಿನ ಚಕ್ರ ಸದ್ದಿಲ್ಲದೆ ಪಕ್ಕಕ್ಕೆ ಜಾರಿತು. ಮೊಣಕಾಲು ತರಚಿತು, ಕನ್ನಡಿ ಒಡೆಯಿತು, ಅಷ್ಟೇ. ಮನೆಗೆ ಬಂದು ಗಾಳಿ ನೋಡಿದರೆ ಮುಂದಿನ ಚಕ್ರದಲ್ಲಿ 40 ಪಿಎಸ್‌ಐ ಇತ್ತು, ಇರಬೇಕಾದ್ದಕ್ಕಿಂತ ಬಹಳ ಜಾಸ್ತಿ. ಹಿಂದಿನ ದಿನ ಬಂಕಿನಲ್ಲಿ ಗಾಳಿ ಹೊಡೆಸಿದಾಗ ನಾನು ಮೀಟರ್ ನೋಡಿರಲಿಲ್ಲ. ಹಾಗಾಗಿ ತಪ್ಪು ಪೂರ್ತಿ ಟೈರಿನದು ಅಂತ ಹೇಳುವುದಿಲ್ಲ. ಗಾಳಿ ಜಾಸ್ತಿಯಾದರೆ ಟೈರು ಉಬ್ಬಿ, ನೆಲಕ್ಕೆ ತಾಗುವ ಜಾಗ ಕಡಿಮೆಯಾಗುತ್ತದೆ. ಮೊದಲೇ ಬೈಕಿನ ಟೈರು ನೆಲಕ್ಕೆ ತಾಗುವುದು ಹೆಚ್ಚೂ ಕಡಿಮೆ ಒಂದು ಅಂಗೈ ಅಗಲ. ಆದರೂ ಆ ದಿನದಿಂದ ಮಳೆ ಬಂದರೆ ಮುಂದಿನ ಬ್ರೇಕ್ ಮುಟ್ಟಲು ಹೆದರಿಕೆ ಶುರುವಾಯಿತು. ಬ್ರೇಕ್ ಹಾಕಲು ಹೆದರಿಕೊಂಡು ಗಾಡಿ ಓಡಿಸುವುದು ಎಷ್ಟು ಅಪಾಯ ಅಂತ ಮಲೆನಾಡಿನಲ್ಲಿ ಓಡಿಸುವವರಿಗೆ ಹೇಳಬೇಕಾಗಿಲ್ಲ.

2024ರ ಮಳೆಗಾಲಕ್ಕೆ ಮುಂಚೆ ಎರಡೂ ಚಕ್ರಕ್ಕೆ ಮೆತ್ತನೆ ರಬ್ಬರಿನ ಟೈರು ಹಾಕಿಸಿದೆ. ಹಿಂದಿನ ಚಕ್ರದ ಟೈರಿಗೆ 2,480 ರೂಪಾಯಿ ಆಯಿತು. ಗಟ್ಟಿಯದು, ಮೆತ್ತನೆಯದು ಅಂತ ಟೈರಿನ ಮೇಲೆ ಬರೆದಿರುವುದಿಲ್ಲ, ಅಲ್ವಾ? ನಮ್ಮ ಪಂಕ್ಚರ್ ಅಂಗಡಿಯವರು ತೋರಿಸಿಕೊಟ್ಟಿದ್ದು ಹೀಗೆ. ಹೆಬ್ಬೆರಳಿನ ಉಗುರನ್ನು ಟೈರು ನೆಲಕ್ಕೆ ತಾಗುವ ಪಟ್ಟಿಯ ಮೇಲೆ ಗಟ್ಟಿಯಾಗಿ ಊರಿ ತೆಗೆಯಿರಿ. ಮೆತ್ತನೆಯದರಲ್ಲಿ ಉಗುರಿನ ಗುರುತು ಒಂದು ಕ್ಷಣ ನಿಂತು ಮಾಯವಾಗುತ್ತದೆ. ಗಟ್ಟಿಯದರಲ್ಲಿ ಗುರುತೇ ಬೀಳುವುದಿಲ್ಲ, ಉಗುರು ಜಾರುತ್ತದೆ. ಎರಡು ಟೈರು ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಬೆರಳಿಗೇ ಗೊತ್ತಾಗುತ್ತದೆ. ಮಳೆಯಲ್ಲಿ ಹಿಡಿತ ಬರಲೆಂದು ಇಂಥ ಟೈರಿನ ರಬ್ಬರಿಗೆ ಸಿಲಿಕಾ ಸೇರಿಸುವುದೂ ಉಂಟು.

ಸುಮ್ನೆ ಅನಿಸಿಕೆ ಹೇಳುವುದು ಬೇಡ, ಅಳೆದೇ ನೋಡೋಣ ಅಂತ ಅನ್ನಿಸಿದ್ದು ನಮ್ಮ ಭಾವನಿಂದ. ಅವರ ಹತ್ತಿರವೂ ಇದೇ ಯುನಿಕಾರ್ನ್ ಇದೆ. ನಾನು ಮೊದಲು ಹಾಕಿದ್ದ ಗಟ್ಟಿ ಟೈರನ್ನೇ ಅವರು ಆ ವರ್ಷ ಎರಡೂ ಚಕ್ರಕ್ಕೆ ಹೊಸದಾಗಿ ಹಾಕಿಸಿದ್ದರು. "ಎಲ್ಲ ನಿನ್ನ ಮನಸ್ಸಿನ ಭಾವನೆ ಮಾರಾಯ, ರಬ್ಬರು ರಬ್ಬರೇ" ಅಂದರು. ನಾನು "ಭಾವ, ಭಾನುವಾರ ಬನ್ನಿ, ನೋಡೇ ಬಿಡೋಣ" ಅಂದೆ.

ಕೆರೆ ಏರಿಯ ಪಕ್ಕದ ನೇರ ರಸ್ತೆ, ಬೆಳಿಗ್ಗೆ ಆರೂವರೆ, ಸಣ್ಣಗೆ ಮಳೆ. ಜನ ಇಲ್ಲ, ದನ ಇಲ್ಲ. ಎರಡೂ ಗಾಡಿಗೆ ನನ್ನ ಕಾಲು ಪಂಪಿನಲ್ಲೇ ಸ್ಟಿಕ್ಕರಿನಲ್ಲಿ ಬರೆದಷ್ಟು ಗಾಳಿ ಹಾಕಿದೆವು. ಎರಡನ್ನೂ ಓಡಿಸಿದ್ದು ನಾನೇ. ಮೋರಿಯ ಕಲ್ಲಿನ ಹತ್ತಿರ ಬಂದಾಗ ಮೀಟರಿನಲ್ಲಿ 40 ಇರಬೇಕು, ಅಲ್ಲಿಂದ ಎರಡೂ ಬ್ರೇಕ್ ಪೂರ್ತಿ. ನಿಂತ ಜಾಗದವರೆಗೆ ಭಾವ ಹೆಜ್ಜೆ ಎಣಿಸುವುದು. ಒಂದೊಂದು ಗಾಡಿಗೆ ಮೂರು ಸಲ.

ಗಟ್ಟಿ ಟೈರು: 17, 18, 17 ಹೆಜ್ಜೆ. ಮೆತ್ತನೆಯದು: 14, 14, 15. ಮೂರು ಹೆಜ್ಜೆ ಅಂದರೆ ಹೆಚ್ಚೂ ಕಡಿಮೆ ಒಂದು ಬೈಕಿನ ಉದ್ದ. ಎದುರಿಗೆ ಬಂದ ದನಕ್ಕೆ ಗುದ್ದುವುದೋ ಅದರ ಮುಂದೆ ನಿಲ್ಲುವುದೋ ಅನ್ನುವುದು ಅಷ್ಟರಲ್ಲೇ ಇರುವುದು. ಇನ್ನೊಂದು ವಿಷಯ ಬೆರಳಿಗೆ ತಿಳಿಯಿತು. ಈ ಗಾಡಿಗೆ ಮುಂದಿನ ಚಕ್ರಕ್ಕೆ ಎಬಿಎಸ್ ಇದೆ, ಅಂದರೆ ಬ್ರೇಕ್ ಹಾಕಿದಾಗ ಚಕ್ರ ಪೂರ್ತಿ ಕಚ್ಚಿಕೊಳ್ಳದ ಹಾಗೆ ತಡೆಯುವ ವ್ಯವಸ್ಥೆ. ಗಟ್ಟಿ ಟೈರಿನಲ್ಲಿ ಬ್ರೇಕ್ ಲಿವರ್ ಅರ್ಧ ಹಿಡಿಯುವಷ್ಟರಲ್ಲೇ ಬೆರಳಿನ ಕೆಳಗೆ ಟಕ ಟಕ ಅಂತ ಹೊಡೆಯಲು ಶುರು. ಅಂದರೆ ಚಕ್ರ ಆಗಲೇ ಜಾರುವ ಹಂತಕ್ಕೆ ಬಂದಿದೆ ಅಂತ ಅರ್ಥ. ಮೆತ್ತನೆಯದರಲ್ಲಿ ಆ ಟಕ ಟಕ ಬಂದದ್ದು ಲಿವರ್ ಚೆನ್ನಾಗಿ ಒಳಗೆ ಹೋದ ಮೇಲೆ. ಭಾವ ತಾವೂ ಒಂದೊಂದು ಸಲ ಓಡಿಸಿ ನೋಡಿದರು. ವಾಪಸ್ ಬರುವಾಗ ರಬ್ಬರಿನ ಮಾತು ಎತ್ತಲಿಲ್ಲ.

ಮಳೆ ಬಿಡುವು ಕೊಟ್ಟು ರಸ್ತೆ ಒಣಗಿದಾಗ ಅದೇ ಜಾಗದಲ್ಲಿ ಮತ್ತೆ ನೋಡಿದೆವು. ಗಟ್ಟಿಯದು 12 ಹೆಜ್ಜೆ, ಮೆತ್ತನೆಯದು 11 ಹೆಜ್ಜೆ. ಲೆಕ್ಕಕ್ಕೆ ತೆಗೆದುಕೊಳ್ಳುವಷ್ಟು ವ್ಯತ್ಯಾಸವೇ ಅಲ್ಲ. ಪಾಚಿಯ ಮೇಲಂತೂ ಯಾವ ಟೈರೂ ಹಿಡಿಯುವುದಿಲ್ಲ. ಅಲ್ಲಿ ರಸ್ತೆಯ ನಡುವೆ, ಲಾರಿ ಟೈರು ಉಜ್ಜಿದ ಕಪ್ಪು ಪಟ್ಟಿಯ ಮೇಲೇ ಹೋಗಬೇಕು, ಬೇರೆ ದಾರಿ ಇಲ್ಲ.

ಇನ್ನು ಬಟನ್ ಟೈರು, ಅಂದರೆ ಮೈಮೇಲೆ ಬಿಡಿಬಿಡಿಯಾಗಿ ದಪ್ಪ ರಬ್ಬರಿನ ಉಬ್ಬುಗಳಿರುವುದು. 2025ರ ಮಳೆಗಾಲಕ್ಕೆ ಮನೆ ಮುಂದಿನ ಮಣ್ಣಿನ ದಾರಿ ತೀರಾ ಹಾಳಾಗಿತ್ತು. ಮೆತ್ತನೆಯದು 15,500 ಓಡಿ ಸವೆದಿತ್ತು ಕೂಡ. ಹಿಂದಿನ ಚಕ್ರಕ್ಕೆ ಮಾತ್ರ ಬಟನ್ ಹಾಕಿಸಿದೆ. ಮಣ್ಣಿನಲ್ಲಿ ಅದರ ಸಮ ಯಾವುದೂ ಇಲ್ಲ. ಮೊದಲು ಕಾಲು ಕೊಟ್ಟುಕೊಂಡು, ಚಕ್ರ ಸುಮ್ನೆ ತಿರುಗುತ್ತಾ ಹತ್ತುತ್ತಿದ್ದ ಏರನ್ನು ಎರಡನೇ ಗೇರಿನಲ್ಲಿ ಆರಾಮಾಗಿ ಹತ್ತಿದೆ. ಆದರೆ ಹೆದ್ದಾರಿಗೆ ಬಂದರೆ ಐವತ್ತು ದಾಟುವಾಗ ಗುಂಯ್ ಅನ್ನುವ ಸದ್ದು, ಕಾಲಿನ ಫುಟ್‌ರೆಸ್ಟಿನಲ್ಲಿ ನಡುಕ. ಬಟನ್ನಿಗೂ ಬಟನ್ನಿಗೂ ನಡುವೆ ಅಷ್ಟು ಜಾಗ ಖಾಲಿ ಇರುವಾಗ ಟಾರಿಗೆ ತಾಗುವ ರಬ್ಬರು ಕಡಿಮೆ. ಒದ್ದೆ ಹೆದ್ದಾರಿಯಲ್ಲಿ ಹಿಂದಿನ ಬ್ರೇಕ್ ಒತ್ತಿದರೆ ಬಾಲ ಅಲ್ಲಾಡುತ್ತಿತ್ತು. ಮೈಲೇಜು ಲೀಟರಿಗೆ 52 ಇದ್ದದ್ದು 49ಕ್ಕೆ ಇಳಿಯಿತು. 7,000 ಕಿಲೋಮೀಟರ್ ಆದ ಮೇಲೆ ಡಿಸೆಂಬರಿನಲ್ಲಿ ಬಿಚ್ಚಿಸಿ, ತೋಟದೊಳಗೇ ಗಾಡಿ ಓಡಿಸುವ ಪಕ್ಕದ ಮನೆಯವರಿಗೆ ಕೊಟ್ಟೆ. ಅವರಿಗೆ ಅದು ಸರಿಯಾದ ಟೈರು. ಅರ್ಧ ಕಿಲೋಮೀಟರ್ ಮಣ್ಣಿಗಾಗಿ ಉಳಿದ ಇಪ್ಪತ್ತೆರಡೂವರೆ ಕಿಲೋಮೀಟರಿನಲ್ಲಿ ಕಷ್ಟಪಡುವುದು ನನಗೆ ಸರಿ ಬರಲಿಲ್ಲ.

ದುಡ್ಡಿನ ಲೆಕ್ಕ ಎಲ್ಲರೂ ಕೇಳುತ್ತಾರೆ. ಗಟ್ಟಿಯದು ಕಿಲೋಮೀಟರಿಗೆ 8 ಪೈಸೆ ಬಿತ್ತು, ಮೆತ್ತನೆಯದು 16 ಪೈಸೆ. ಎರಡು ಪಟ್ಟು ಅಂದರೆ ದೊಡ್ಡದಾಗಿ ಕೇಳಿಸುತ್ತದೆ. ದಿನಕ್ಕೆ 46 ಕಿಲೋಮೀಟರಿಗೆ ಲೆಕ್ಕ ಹಾಕಿದರೆ ವ್ಯತ್ಯಾಸ ನಾಲ್ಕು ರೂಪಾಯಿಯೂ ಇಲ್ಲ. ಒಂದು ಟೀ ಬರುವುದಿಲ್ಲ ಅಷ್ಟಕ್ಕೆ. ಪಂಕ್ಚರ್ ಗಟ್ಟಿಯದಕ್ಕೆ ಎರಡು, ಮೆತ್ತನೆಯದಕ್ಕೆ ಮೂರು. ಅದೂ ಸವೆದು ತೆಳ್ಳಗಾದ ಕೊನೆಯ ತಿಂಗಳುಗಳಲ್ಲಿ. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದ ಮೇಲೆ ಅದೇ ಮೆತ್ತನೆ ಟೈರು ನನಗೆ 2,290ಕ್ಕೆ ಸಿಕ್ಕಿತು. ಈಗ ಗಾಡಿಯಲ್ಲಿ ಇರುವುದು ಅದೇ.

ಅಗಲದ ಟೈರು ಹಾಕಿಸಬೇಕು ಅನ್ನುವ ಹುಡುಗರಿಗೆ ಒಂದು ಮಾತು. 100/90-18 ಟೈರಿನ ಪೂರ್ತಿ ಎತ್ತರ 637 ಮಿಲಿಮೀಟರ್. 110/90-18 ಹಾಕಿದರೆ 655 ಆಗುತ್ತದೆ. ಚಕ್ರದ ಸುತ್ತಳತೆಯೇ ಬದಲಾಯಿತು, ಚೈನ್ ಕವರಿಗೋ ಮಡ್‌ಗಾರ್ಡಿಗೋ ತಾಗುವ ಸಾಧ್ಯತೆ ಬೇರೆ. ಕಂಪನಿ ಕೊಟ್ಟ ಅಳತೆಯಲ್ಲೇ ಒಳ್ಳೆ ರಬ್ಬರು ಹಾಕಿಸಿ, ಹಿಡಿತ ತಾನಾಗಿ ಬರುತ್ತದೆ. ಹಿಂದಿನ ಚಕ್ರದ ಟೈರಿನಲ್ಲಿ ಅಳತೆಯ ಮುಂದೆ ಇರುವ 56P ಅನ್ನುವುದನ್ನೂ ನೋಡಿ. 56 ಅಂದರೆ ಆ ಟೈರು 224 ಕೆಜಿ ಹೊರುತ್ತದೆ, ಪಿ ಅಂದರೆ ಗಂಟೆಗೆ 150 ಕಿಲೋಮೀಟರ್ ವೇಗದವರೆಗೆ. ಇದಕ್ಕಿಂತ ಕಡಿಮೆ ಸಂಖ್ಯೆಯದು ಬೇಡ.

ತಾರೀಖು ನೋಡದೆ ಟೈರು ತರಲೇಬೇಡಿ. ನನಗೊಮ್ಮೆ ಒಂದು ಅಂಗಡಿಯಲ್ಲಿ ಹೊಸದು ಅಂತ ಹೊಳೆಯುವ ಟೈರು ಎತ್ತಿ ಕೊಟ್ಟರು. ಪಕ್ಕದಲ್ಲಿ 3118 ಅಂತ ಅಚ್ಚಾಗಿತ್ತು. ಅಂದರೆ 2018ರ 31ನೇ ವಾರದಲ್ಲಿ ಮಾಡಿದ್ದು. ನಾನು ಅಂಗಡಿಯಲ್ಲಿ ನಿಂತಿದ್ದದ್ದು 2022ರಲ್ಲಿ! ರಬ್ಬರು ಸುಮ್ನೆ ಇಟ್ಟರೂ ವರ್ಷ ಕಳೆದಂತೆ ಗಟ್ಟಿಯಾಗುತ್ತದೆ. ಮೆತ್ತನೆ ಟೈರಿಗೆ ದುಡ್ಡು ಕೊಟ್ಟು ಗಟ್ಟಿಯಾದದ್ದನ್ನು ತಂದ ಹಾಗೆ. ಬೇರೆ ಕೊಡಿ ಅಂದರೆ "ಏನೂ ಆಗಲ್ಲ ಬಿಡಿ" ಅಂದರು. ನಾನು ಬಿಟ್ಟು ಬಂದೆ.

ಹಾಕಿಸುವಾಗ ಪಕ್ಕದಲ್ಲೇ ನಿಲ್ಲಿ. ಬಾಣದ ಗುರುತು ಚಕ್ರ ತಿರುಗುವ ಕಡೆಗೇ ಇರಬೇಕು. ಹಳದಿ ಚುಕ್ಕೆ ಇದ್ದರೆ ಅದು ವಾಲ್ವಿನ ಹತ್ತಿರ ಬರಬೇಕು, ಟೈರಿನ ಹಗುರ ಭಾಗ ಅದು. ಹೊಸ ಟೈರಿನ ಮೇಲ್ಮೈ ನುಣುಪಾಗಿರುತ್ತದೆ. ನೂರೈವತ್ತು ಕಿಲೋಮೀಟರ್ ಆಗುವವರೆಗೆ ತಿರುವಿನಲ್ಲಿ ಮಲಗಿಸಬೇಡಿ, ಜೋರಾಗಿ ಬ್ರೇಕ್ ಹಾಕಬೇಡಿ. ಬದಲಾಯಿಸುವುದು ಯಾವಾಗ ಅಂದರೆ, ಕಾನೂನಿನ ಪ್ರಕಾರ ಎರಡು ಚಕ್ರದ ಗಾಡಿಗೆ ಗೀಟಿನ ಆಳ 0.8 ಮಿಲಿಮೀಟರಿಗಿಂತ ಕಡಿಮೆ ಆಗಬಾರದು. ನಮ್ಮ ಮಳೆಗೆ ನಾನು ಅಲ್ಲಿಯವರೆಗೂ ಕಾಯುವುದಿಲ್ಲ. ಗೀಟಿನ ನಡುವೆ ಸವೆತ ತೋರಿಸಲೆಂದೇ ಇರುವ ಟಿಡಬ್ಲ್ಯುಐ ಉಬ್ಬಿನ ಹತ್ತಿರ ಹತ್ತಿರ ಬಂದರೆ, ಮೇ ತಿಂಗಳೊಳಗೆ ಬಿಚ್ಚಿಸುತ್ತೇನೆ.

ಇಷ್ಟಾದರೂ ಗಟ್ಟಿ ಟೈರು ಕೆಟ್ಟದ್ದು ಅಂತ ನನ್ನ ಮಾತಲ್ಲ. ಭಾವನ ಓಡಾಟ ಬೇರೆ. ಅವರು ವಾರಕ್ಕೆರಡು ಸಲ ಶಿವಮೊಗ್ಗಕ್ಕೆ ಹೋಗುತ್ತಾರೆ, ಪೂರ್ತಿ ಹೆದ್ದಾರಿ, ಹಿಂದೆ ಒಂದು ಮೂಟೆ ಇದ್ದೇ ಇರುತ್ತದೆ. ಜೋರು ಮಳೆ ಇದ್ದರೆ ಬಸ್ಸು. ಅವರಿಗೆ ಹಿಂದೆ ಗಟ್ಟಿಯದೇ ಸರಿ. ಕೆರೆ ಏರಿಯ ಆ ಭಾನುವಾರ ಕಳೆದು ಎರಡು ವಾರಕ್ಕೆ ಅವರು ಮುಂದಿನ ಚಕ್ರಕ್ಕೆ ಮಾತ್ರ ಮೆತ್ತನೆಯದು ಹಾಕಿಸಿಕೊಂಡು ಬಂದರು. ಬಿಚ್ಚಿದ ರಿಬ್ ಟೈರು, ಹೆಚ್ಚೂ ಕಡಿಮೆ ಹೊಸದು, ಈಗಲೂ ಅವರ ಕೊಟ್ಟಿಗೆಯ ಗೋಡೆಗೆ ನೇತಾಡುತ್ತಿದೆ.